ವಿದ್ಯಾರ್ಥಿಯ ಪೆಟ್ಟಿಗೆ

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯೊಂದು ಕೆಳಗಿಳಿಯುತ್ತದೆ. ಮಗನೋ ಮಗಳೋ ಊರಿನ ಓದನ್ನು ಮುಗಿಸಿ, ಮುಂದಿನ ವಿದ್ಯೆಗಾಗಿ ಪರಸ್ಥಳಕ್ಕೆ ಹೊರಡುವ ಕಾಲವದು. ತಂದೆಯು ಅಂಕಪಟ್ಟಿಗಳನ್ನು ಎಣಿಸಿ ಎಣಿಸಿ ಲಕೋಟೆಗೆ ಹಾಕುವನು. ತಾಯಿಯು ಚಟ್ನಿಪುಡಿಯ ಡಬ್ಬಿಗೆ ಎರಡು ಸುತ್ತು ಬಟ್ಟೆಯನ್ನು ಸುತ್ತುವಳು. ಅಜ್ಜಿಯು ದೇವರ ಮುಂದಿನ ಕುಂಕುಮದ ಪೊಟ್ಟಣವನ್ನು ಯಾರ ಕಣ್ಣಿಗೂ ಬೀಳದಂತೆ ಅಂಗಿಗಳ ನಡುವೆ ಇಡುವಳು. ಪೆಟ್ಟಿಗೆಯ ಮುಚ್ಚಳವು ಮುಚ್ಚಿದೊಡನೆ ಮನೆಯವರೆಲ್ಲರೂ ತಮ್ಮ ಕರ್ತವ್ಯವು ಮುಗಿಯಿತೆಂದು ಉಸಿರು ಬಿಡುವರು. ವಾಸ್ತವವಾಗಿ ಅದು ಆಗ ತಾನೆ ಆರಂಭವಾಗಿರುತ್ತದೆ.

ಈ ತಿಂಗಳು ನಮ್ಮ ವಾಚಕರೊಡನೆ ಆ ಪೆಟ್ಟಿಗೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಮನಸ್ಸಾಗಿದೆ. ವಿದ್ಯಾರ್ಥಿಯ ದಿನನಿತ್ಯದ ದೇಹಸ್ಥಿತಿ, ಅವನು ಪೇಟೆಯಲ್ಲಿ ಕೊಳ್ಳುವ ವಸ್ತುಗಳು, ಪಾಠದ ಹೊರಗೆ ಅವನು ಮೆಚ್ಚಿ ಓದುವ ಪುಸ್ತಕ, ಈ ಮೂರೂ ಬೇರೆ ಬೇರೆ ಸಂಗತಿಗಳೆಂದೂ, ಮೊದಲನೆಯದು ವೈದ್ಯರಿಗೂ, ಎರಡನೆಯದು ಹಣ ಕಳುಹಿಸುವ ತಂದೆಗೂ, ಮೂರನೆಯದು ಉಪಾಧ್ಯಾಯರಿಗೂ ಸೇರಿದುವೆಂದೂ ನಾವು ಬಹುಕಾಲ ತಿಳಿದಿದ್ದೆವು. ನಮ್ಮ ಈ ತಿಳಿವಳಿಕೆಯನ್ನು ತಿದ್ದಿದುದು ಒಂದು ಸಾಮಾನ್ಯವಾದ ಲೆಕ್ಕದ ಪುಸ್ತಕ.

ನಮ್ಮ ಬಂಧುಗಳೊಬ್ಬರು ತೀರ್ಥಹಳ್ಳಿಯ ಕಡೆ ಅಡಿಕೆಯ ತೋಟವನ್ನು ಇಟ್ಟುಕೊಂಡಿದ್ದಾರೆ. ಅವರ ಮಗನು ಬೆಂಗಳೂರಿನ ಒಂದು ಕಾಲೇಜಿಗೆ ಸೇರಿ, ಇಬ್ಬರು ಜೊತೆಗಾರರೊಡನೆ ಬಾಡಿಗೆಯ ಕೊಠಡಿಯೊಂದರಲ್ಲಿದ್ದನು. ಹುಡುಗನು ಸಾಧು, ಓದಿನಲ್ಲಿ ಚುರುಕು. ಅವನು ಊರನ್ನು ಬಿಡುವಾಗ ಮನೆಯ ಅಜ್ಜಿಯವರು ಒಂದು ಪುಸ್ತಕವನ್ನು ಕೈಗೆ ಕೊಟ್ಟು, ದಿನದ ಖರ್ಚನ್ನು ಅಂದಂದೇ ಬರೆದಿಡಬೇಕೆಂದು ಹೇಳಿದ್ದರು. ಪ್ರತಿ ರಾತ್ರಿಯೂ ಒಂಬತ್ತು ಗಂಟೆಗೆ ತಾಯಿಯು ಮೊಬೈಲಿನಲ್ಲಿ ಮಾತನಾಡಿಸುವರು.

“ಊಟ ಆಯ್ತೇನೋ, ಮಗಾ?”

“ಆಯ್ತಮ್ಮ.”

ಇಷ್ಟೇ ಮಾತು. ಜೂನ್ ತಿಂಗಳು ಮೊದಲ್ಗೊಂಡು ದೀಪಾವಳಿಯ ವರೆಗೂ ಈ ಪ್ರಶ್ನೆಯಾಗಲಿ ಈ ಉತ್ತರವಾಗಲಿ ಒಂದು ದಿನವೂ ತಪ್ಪಲಿಲ್ಲ.

ದೀಪಾವಳಿಗೆ ನಾವೂ ಆ ಮನೆಯಲ್ಲಿದ್ದೆವು. ಬಸ್ಸಿನಿಂದಿಳಿದು ಬಂದ ಹುಡುಗನನ್ನು ನೋಡಿ ನಮ್ಮ ಎದೆ ಧಸಕ್ಕೆಂದಿತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಜಗಲಿಯ ನಾಲ್ಕು ಮೆಟ್ಟಿಲುಗಳನ್ನು ಏರುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹಬ್ಬದ ಎಣ್ಣೆನೀರು ಮುಗಿದ ಮಾರನೆಯ ದಿನ ಅವನನ್ನು ಪೇಟೆಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ರಕ್ತವನ್ನು ಪರೀಕ್ಷಿಸಲಾಗಿ, ಗಂಡಸರಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ 13 ಗ್ರಾಮಿಗೆ ಕಡಮೆಯಿರಬಾರದ ಹಿಮೋಗ್ಲೋಬಿನ್ ಅವನಲ್ಲಿ 10.6ಕ್ಕೆ ಇಳಿದಿತ್ತು. ಬೇರೆ ರೋಗವೇನೂ ಇರಲಿಲ್ಲ. ವೈದ್ಯರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಊಟ ಸರಿಯಾಗಿ ಮಾಡ್ತಿದ್ದೀಯೇನಪ್ಪ?” ಎಂದು ಕೇಳಿದರು. ಹುಡುಗನು ತಲೆಯನ್ನು ತಗ್ಗಿಸಿದನು.

ಅಂದು ಸಂಜೆ ಅಜ್ಜಿಯವರು ಕನ್ನಡಕವನ್ನು ಹಾಕಿಕೊಂಡು ಲೆಕ್ಕದ ಪುಸ್ತಕವನ್ನು ತೆರೆದರು. ನಾವು ಪಕ್ಕದಲ್ಲಿ ಕುಳಿತಿದ್ದೆವು. ಹುಡುಗನು ಹೇಳಿದ ಮಾತಿಗೆ ತಪ್ಪದೆ ಪ್ರತಿಯೊಂದು ರೂಪಾಯಿಯನ್ನೂ ಬರೆದಿಟ್ಟಿದ್ದನು. ಸೆಪ್ಟೆಂಬರ್ ತಿಂಗಳಿನ ಹಾಳೆಯನ್ನು ಬೆರಳಿನಿಂದ ಸವರುತ್ತ ಕೆಳಗಿಳಿದ ಅಜ್ಜಿಯವರ ಕೈ ನಡುವೆ ನಿಂತಿತು.

“ಮಗೂ, ಇದರಲ್ಲಿ ಊಟವೇ ಇಲ್ಲವಲ್ಲೋ!”

ನಿಜವಾಗಿತ್ತು. ಆ ತಿಂಗಳಿನ 30 ರಾತ್ರಿಗಳಲ್ಲಿ 17 ರಾತ್ರಿ ಊಟದ ಬಾಬಿನಲ್ಲಿ ಏನೂ ಇರಲಿಲ್ಲ. ಅದರ ಬದಲು ಚಹಾ, ಬನ್ನು ಎಂದು ಬರೆದಿತ್ತು. ಮೆಸ್ಸಿನ ಊಟಕ್ಕೆ 60 ರೂಪಾಯಿ, ಬನ್ನು ಚಹಾಕ್ಕೆ 25. ರಾತ್ರಿಯೊಂದಕ್ಕೆ 35 ರೂಪಾಯಿಯಂತೆ ಹದಿನೇಳು ರಾತ್ರಿಗಳಲ್ಲಿ ಹುಡುಗನು 595 ರೂಪಾಯಿಗಳನ್ನು ಉಳಿಸಿದ್ದನು. ಯಾಕೆಂದು ಕೇಳಿದರೆ ಬಹಳ ಹೊತ್ತು ಮಾತೇ ಇಲ್ಲ. ಕೊನೆಗೆ, “ತೋಟಕ್ಕೆ ಎಲೆಚುಕ್ಕೆ ರೋಗ ಬಂದಿದೆ ಅಂತ ಅಪ್ಪ ಹೇಳ್ತಿದ್ರು. ಇನ್ನೂ ದುಡ್ಡು ಕೇಳೋದು ಹೇಗೆ ಅಜ್ಜಿ?” ಎಂದನು. ಮಲೆನಾಡಿನ ಅಡಿಕೆಯ ತೋಟಗಳನ್ನು ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗವು ಹೇಗೆ ಬಾಧಿಸುತ್ತಿದೆಯೆಂಬುದನ್ನು ಬಲ್ಲವರಿಗೆ ಈ ಮಾತಿನ ಭಾರವನ್ನು ವಿವರಿಸಬೇಕಾದುದಿಲ್ಲ. ತಾಯಿಯು ಎದ್ದು ಅಡಿಗೆಯ ಮನೆಗೆ ಹೋದರು. ಅವರು ಅಲ್ಲಿ ಏನು ಮಾಡುತ್ತಿದ್ದರೆಂದು ನಾವಾರೂ ನೋಡಲು ಹೋಗಲಿಲ್ಲ.

ಅಜ್ಜಿಯವರು ಮಾತ್ರ ಪುಸ್ತಕವನ್ನು ಮುಚ್ಚಲಿಲ್ಲ. ಅದೇ ಹಾಳೆಯಲ್ಲಿ ಇನ್ನೆರಡು ಬಾಬುಗಳಿದ್ದುವು. ಬೂಟು ಒಂದು ಜೊತೆ, 499 ರೂಪಾಯಿ. ಜುಲೈ ತಿಂಗಳಿನಲ್ಲಿಯೂ ಅದೇ ಬೂಟು, ಅದೇ ಬೆಲೆ; ಮಳೆಯಲ್ಲಿ ಅದರ ಅಡಿ ಕಿತ್ತುಹೋದುದರಿಂದ ಮೊಬೈಲಿನಲ್ಲಿಯೇ ಇನ್ನೊಂದನ್ನು ತರಿಸಿದ್ದನು. ಎರಡನೆಯ ಬಾಬು ನೀರಿನ ಸೀಸೆ. ಒಂಬತ್ತು ದಿನ ಇಪ್ಪತ್ತು ರೂಪಾಯಿಯಂತೆ 180. ಎರಡೂ ಸೇರಿ 679 ರೂಪಾಯಿ. ಹೊಟ್ಟೆಯನ್ನು ಕಟ್ಟಿ ಉಳಿಸಿದ 595 ರೂಪಾಯಿಗಳೂ, ಅದರ ಮೇಲೆ 84 ರೂಪಾಯಿಗಳೂ, ಎರಡು ತಿಂಗಳು ಬಾಳದ ಬೂಟಿಗೂ ಕುಡಿದು ಎಸೆಯುವ ಸೀಸೆಗಳಿಗೂ ಹೋಗಿದ್ದುವು. ಆ ಬೂಟೂ ಆ ಸೀಸೆಗಳೂ ಇಂದಿಗೂ ಯಾವುದೋ ತಿಪ್ಪೆಯಲ್ಲಿ ಕರಗದೆ ಬಿದ್ದಿರಬೇಕು. ಹುಡುಗನ ದೇಹದಲ್ಲಿ ಮಾತ್ರ ಆ ಊಟಗಳಿಲ್ಲ.

ನಮ್ಮ ಕನ್ನಡದಲ್ಲಿ ‘ಬಾಳಿಕೆ’ ಎಂಬ ಒಳ್ಳೆಯ ಮಾತೊಂದಿದೆ. ಬಟ್ಟೆಯ ಅಂಗಡಿಯಲ್ಲಿ ಸೀರೆಯ ಸೆರಗನ್ನು ಹಿಡಿದು, “ಬಾಳಿಕೆ ಬರುತ್ತೇನಪ್ಪ?” ಎಂದು ಕೇಳದ ಗೃಹಿಣಿಯುಂಟೆ? ಬಾಳು ಎಂಬುದರಿಂದಲೇ ಹುಟ್ಟಿದ ಈ ಮಾತನ್ನು ನಾವು ಬಟ್ಟೆಗೂ ಪಾತ್ರೆಗೂ ಮೀಸಲಾಗಿಟ್ಟಿದ್ದೇವೆ. ವಿದ್ಯಾರ್ಥಿಯ ದೇಹಕ್ಕೂ ಬಾಳಿಕೆ ಬೇಕು. ಅವನು ಕೊಳ್ಳುವ ವಸ್ತುವಿಗೂ ಬೇಕು. ಅವನ ಮನಸ್ಸಿನಲ್ಲಿ ನಿಲ್ಲುವ ಓದಿಗೂ ಬೇಕು. ಒಂದರಲ್ಲಿ ಬಾಳಿಕೆಯು ತಪ್ಪಿದರೆ ಅದರ ನಷ್ಟವನ್ನು ಮತ್ತೊಂದು ತೆರಬೇಕಾಗುತ್ತದೆ. ಲೆಕ್ಕದ ಪುಸ್ತಕವು ನಮಗೆ ಕಲಿಸಿದ ಪಾಠವಿಷ್ಟೆ.

ಮೊದಲು ದೇಹದ ವಿಷಯ. ಹಿಂದಿನ ಕಾಲದಲ್ಲಿ ಪರಸ್ಥಳದ ಬಡ ವಿದ್ಯಾರ್ಥಿಗೆ ವಾರಾನ್ನವೆಂಬ ಏರ್ಪಾಡಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಹೀಗೆ ಏಳು ಮನೆಗಳು ಒಬ್ಬ ಹುಡುಗನ ಹೊಟ್ಟೆಯ ಹೊಣೆಯನ್ನು ಹೊರುತ್ತಿದ್ದುವು. ಅದರಲ್ಲಿ ಜಾತಿಯ ಗೋಡೆಗಳಿದ್ದುವು, ಹಂಗಿನ ಕಹಿಯೂ ಇತ್ತು. ಅದು ಮರಳಿ ಬರಲೆಂದು ನಾವು ಹೇಳುವುದಿಲ್ಲ. ಮುಂದೆ ಮಠಗಳೂ ಸಂಘಗಳೂ ಸರ್ಕಾರವೂ ವಿದ್ಯಾರ್ಥಿನಿಲಯಗಳನ್ನು ತೆರೆದುವು. ತುಮಕೂರಿನ ಸಿದ್ಧಗಂಗೆಯ ದಾಸೋಹದಲ್ಲಿ ಇಂದಿಗೂ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಆದರೆ ವಾರಾನ್ನದಲ್ಲಿ ಒಂದು ಗುಣವಿತ್ತು. ಹುಡುಗನು ಒಂದು ದಿನ ಬರದಿದ್ದರೆ, “ಇವತ್ತು ಅವನು ಯಾಕೆ ಬರಲಿಲ್ಲ?” ಎಂದು ಕೇಳುವ ಒಬ್ಬ ತಾಯಿಯಿರುತ್ತಿದ್ದಳು. ಬಾಡಿಗೆಯ ಕೊಠಡಿಯಲ್ಲಿರುವ ಈಗಿನ ವಿದ್ಯಾರ್ಥಿಯು ಉಣ್ಣದೆ ಮಲಗಿದರೆ ಆ ಮಾತನ್ನು ಕೇಳುವವರು ಯಾರು?

ರಕ್ತಹೀನತೆಯು ಈ ಒಬ್ಬ ಹುಡುಗನ ಪಾಲಿಗೆ ಬಂದ ವಿಚಿತ್ರವೇನೂ ಅಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರೆಂದು ತಿಳಿಸುತ್ತದೆ. ಮಗಳನ್ನು ದೂರದ ಊರಿಗೆ ಕಳುಹಿಸುವ ತಂದೆತಾಯಿಗಳು ಈ ಸಂಖ್ಯೆಯನ್ನು ಮರೆಯಬಾರದು. ಇದಕ್ಕೆ ದೊಡ್ಡ ಖರ್ಚಿನ ಉಪಾಯವೇನೂ ಬೇಕಿಲ್ಲ. ರಾಗಿಯ ಹುರಿಹಿಟ್ಟನ್ನು ಪೆಟ್ಟಿಗೆಯಲ್ಲಿಟ್ಟರೆ ಒಲೆಯ ಹಂಗಿಲ್ಲದೆ ಹಾಲಿನಲ್ಲಾಗಲಿ ಮಜ್ಜಿಗೆಯಲ್ಲಾಗಲಿ ಕಲಸಿಕೊಳ್ಳಬಹುದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಹುರಿದ ಕಡಲೆಕಾಯಿಯಲ್ಲಿ ತೂಕದ ಕಾಲು ಭಾಗದಷ್ಟು ಮಾಂಸಪೋಷಕ ಪದಾರ್ಥವಿದೆ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹತ್ತಬೇಕಾದರೆ ಜೊತೆಯಲ್ಲಿ ನಿಂಬೆಹಣ್ಣು, ನೆಲ್ಲಿಕಾಯಿಗಳಂತಹ ಹುಳಿಯಿರಬೇಕು. ಊಟದೊಡನೆ ಕಾಫಿ ಚಹಾಗಳನ್ನು ಕುಡಿದರೆ ಅದೇ ಅಂಶವು ದೇಹಕ್ಕೆ ಸೇರದೆ ಹೋಗುತ್ತದೆ. ಬನ್ನು ಚಹಾಗಳ ರಾತ್ರಿಯೂಟವು ಎರಡು ಕಡೆಯಿಂದಲೂ ನಷ್ಟದ್ದೆಂಬುದು ಇದರಿಂದ ಸ್ಪಷ್ಟವಾಗುವುದು.

ಅನ್ನದಷ್ಟೇ ಮುಖ್ಯವಾದುದು ನಿದ್ರೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆಯೂ, ಅದನ್ನು ಮೀರಿದವರಿಗೆ 7 ಗಂಟೆಗೆ ಕಡಮೆಯಿಲ್ಲದ ನಿದ್ರೆಯೂ ಬೇಕೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಹಗಲು ಓದಿದುದು ಮನಸ್ಸಿನಲ್ಲಿ ನೆಲೆಯೂರುವುದು ರಾತ್ರಿಯ ನಿದ್ರೆಯಲ್ಲಿಯೇ. ಪರೀಕ್ಷೆಯ ಹಿಂದಿನ ರಾತ್ರಿ ಎದ್ದಿದ್ದು ಓದುವವನು ಒಂದು ಕೈಯಲ್ಲಿ ತುಂಬಿದುದನ್ನು ಇನ್ನೊಂದು ಕೈಯಲ್ಲಿ ಚೆಲ್ಲುತ್ತಾನೆ. ಕಾಫಿಯ ಸತ್ವವು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆಗಳು ಬೇಕಾದುದರಿಂದ, ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧವು ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿರುತ್ತದೆ!

ಇನ್ನು ಮನಸ್ಸಿನ ಮಾತು. ನಮ್ಮ ಹುಡುಗನ ಕಾಹಿಲೆಯಲ್ಲಿ ಹಸಿವು ಅರ್ಧ, ಹೇಳಲಾರದೆ ನುಂಗಿಕೊಂಡ ಚಿಂತೆಯು ಉಳಿದರ್ಧ. ಮನೆಯವರೊಡನೆ ಹೇಳಲು ಬಾಯಿ ಬಾರದ ವಿದ್ಯಾರ್ಥಿಯು ಇತರರೊಡನೆಯಾದರೂ ಹೇಳಿಕೊಳ್ಳಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ಏರ್ಪಾಡಿನಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣವನ್ನು ಕೊಡಬೇಕಾದುದಿಲ್ಲ. ಈ ಐದು ಅಂಕಿಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಗಡೆ ಬರೆದಂಟಿಸಿದರೆ ತಪ್ಪೇನು? ಅದು ಬೇಕಾಗದಿರಲಿ ಎಂದೇ ನಮ್ಮ ಹಾರೈಕೆ. ಬೇಕಾದ ದಿನ ಹುಡುಕುವಂತಾಗಬಾರದು.

ಎರಡನೆಯದು ಕೊಳ್ಳುವ ವಿಷಯ. ಪರಿಸರವನ್ನು ಕೆಡಿಸದ ವಸ್ತುಗಳನ್ನೇ ಕೊಳ್ಳಬೇಕೆಂಬ ಉಪದೇಶವನ್ನು ಈಗ ಶಾಲೆಯ ಮಕ್ಕಳೂ ಬಾಯಿಪಾಠವಾಗಿ ಹೇಳುತ್ತಾರೆ. ನಮ್ಮ ರಾಜ್ಯ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ಕಿನ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ, ಒಂದೇ ಸಲ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೆಲ್ಲ ನಿಷೇಧವು ಬಂದಿತು. ಆಜ್ಞೆಯು ಬಂದರೂ ಸಂತೆಯಲ್ಲಿ ಆ ಚೀಲಗಳು ಕಾಣೆಯಾಗಿಲ್ಲವೆಂಬುದನ್ನು ನಮ್ಮ ವಾಚಕರು ಬಲ್ಲರು. ಇದನ್ನು ಕಂಡ ವ್ಯಾಪಾರಿಗಳು ‘ಪರಿಸರಸ್ನೇಹಿ’ ಎಂಬ ಹಸಿರು ಚೀಟಿಯನ್ನಂಟಿಸಿ ಹೊಸ ಹೊಸ ಸಾಮಾನುಗಳನ್ನು ಮಾರುತ್ತಿದ್ದಾರೆ. ಬಿದಿರಿನ ಹಲ್ಲುಜ್ಜುವ ಕುಂಚ, ನಾರಿನ ಕೈಚೀಲ, ಚಿತ್ತಾರದ ಬಟ್ಟೆಯ ಚೀಲ, ಎಲ್ಲವೂ ಒಳ್ಳೆಯವೇ. ಆದರೆ ಒಂದು ಲೆಕ್ಕವನ್ನು ವಾಚಕರು ಗಮನಿಸಬೇಕು.

ಇಂಗ್ಲೆಂಡಿನ ಪರಿಸರ ಇಲಾಖೆಯು 2011ರಲ್ಲಿ ಚೀಲಗಳ ಹುಟ್ಟು ಸಾವುಗಳ ಲೆಕ್ಕವನ್ನು ಹಾಕಿತು. ಹತ್ತಿಯನ್ನು ಬೆಳೆಯುವುದು, ನೂಲುವುದು, ನೇಯುವುದು, ಸಾಗಿಸುವುದು ಎಲ್ಲವನ್ನೂ ಸೇರಿಸಿ ನೋಡಿದಾಗ, ಹೊಸ ಹತ್ತಿಯ ಚೀಲವೊಂದು ಒಂದು ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಭೂಮಿಯ ಹವೆಯನ್ನು ಕಡಮೆ ಬಿಸಿಮಾಡಬೇಕಾದರೆ, ಅದನ್ನು 131 ಸಲ ಬಳಸಬೇಕೆಂದು ತಿಳಿದುಬಂದಿತು. ಪ್ಲಾಸ್ಟಿಕ್ಕು ಒಳ್ಳೆಯದೆಂದು ಇದರ ಅರ್ಥವಲ್ಲ. ಚರಂಡಿಯನ್ನು ಕಟ್ಟಿ, ದನಗಳ ಹೊಟ್ಟೆಯನ್ನು ಸೇರುವ ಅದರ ಕೇಡು ಬೇರೆಯೇ ಇದೆ. ಅಂಗಡಿಗೆ ಹೋದಾಗಲೆಲ್ಲ ಮನೆಯ ಚೀಲವನ್ನು ಮರೆತು ಹೊಸ ಬಟ್ಟೆಯ ಚೀಲವನ್ನು ಕೊಂಡು ತರುವವರ ಪುಣ್ಯವು ಚೀಲದಲ್ಲಿಯೇ ಸೋರಿಹೋಗುತ್ತದೆಂಬುದೇ ಇದರ ತಾತ್ಪರ್ಯ. ಅಜ್ಜನ ಹಳೆಯ ಪಂಚೆಯಿಂದಲೋ, ಸವೆದ ಸೀರೆಯ ಗಟ್ಟಿ ಭಾಗದಿಂದಲೋ ಹೊಲಿದ ಚೀಲಕ್ಕೆ ಹೊಸ ಹತ್ತಿಯೇ ಬೇಕಿಲ್ಲ. ಅಂತಹದು ನಮ್ಮ ಹಿರಿಯರ ಮನೆಗಳಲ್ಲಿ ಮೊಳೆಗೆ ತೂಗಿಹಾಕಿಯೇ ಇರುತ್ತಿತ್ತು.

ಬಟ್ಟೆಯ ಲೆಕ್ಕವೂ ಹೀಗೆಯೇ. ಒಂದು ಹತ್ತಿಯ ಅಂಗಿಯು ಸಿದ್ಧವಾಗುವಷ್ಟರಲ್ಲಿ ಸುಮಾರು 2,700 ಲೀಟರ್ ನೀರು ವೆಚ್ಚವಾಗುತ್ತದೆಂದು ಅಂದಾಜುಮಾಡಿದ್ದಾರೆ. ಗುಂಡಿ ಬಿದ್ದುಹೋಯಿತೆಂದು ಅಂಗಿಯನ್ನು ಎಸೆಯುವವನು ಎಸೆಯುವುದು ಇಷ್ಟು ನೀರನ್ನು. ಸೂಜಿ, ದಾರ, ನಾಲ್ಕು ಗುಂಡಿಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಮಗನ ಪೆಟ್ಟಿಗೆಯಲ್ಲಿಡಿರಿ. ಹೊಲಿಯುವುದನ್ನು ಮಗಳಿಗೆ ಕಲಿಸಿದಂತೆ ಮಗನಿಗೂ ಕಲಿಸಿರಿ. ಕಳೆದ ವರ್ಷದ ಬರೆಯುವ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ, ದಬ್ಬಳದಿಂದ ಹೊಲಿದರೆ ಲೆಕ್ಕ ಮಾಡುವುದಕ್ಕೆ ಒಳ್ಳೆಯ ಪುಸ್ತಕವಾಗುವುದು. ಮೊಬೈಲಿನ ವಿಷಯದಲ್ಲಿಯೂ, ಅದರಿಂದ ಹವೆಗೆ ತಗಲುವ ಹೊರೆಯ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಉಂಟಾಗುವುದರಿಂದ, ಎರಡು ವರ್ಷ ಬಳಸುವುದನ್ನು ನಾಲ್ಕು ವರ್ಷ ಬಳಸುವವನೇ ನಿಜವಾದ ಪರಿಸರಪ್ರೇಮಿ.

ಆದುದರಿಂದ ಕೊಳ್ಳುವ ಮುನ್ನ ವಿದ್ಯಾರ್ಥಿಯು ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಇದು ಈಗಾಗಲೇ ಮನೆಯಲ್ಲಿ ಇದೆಯೆ? ಕೆಟ್ಟರೆ ಇದನ್ನು ಸರಿಪಡಿಸುವವರು ಬೀದಿಯಲ್ಲಿ ಸಿಕ್ಕುವರೆ? ಇದರ ಬೆಲೆಯನ್ನು ಇದು ಬಾಳುವ ದಿನಗಳಿಂದ ಭಾಗಿಸಿದರೆ ದಿನಕ್ಕೆಷ್ಟು ಬೀಳುವುದು? ನಮ್ಮ ಹುಡುಗನ ಬೂಟನ್ನೇ ನೋಡೋಣ. ಎರಡೂವರೆ ತಿಂಗಳಿಗೊಂದು ಜೊತೆಯಂತೆ ವರ್ಷಕ್ಕೆ ಐದು ಜೊತೆ, 2,495 ರೂಪಾಯಿ. ಹಬ್ಬದ ರಜದಲ್ಲಿ ಅವನ ತಂದೆಯವರು ಪೇಟೆಯ ಮೋಚಿಯಲ್ಲಿ 1,400 ರೂಪಾಯಿಗೆ ಒಂದು ಜೊತೆ ತೊಗಲಿನ ಮೆಟ್ಟನ್ನು ಮಾಡಿಸಿಕೊಟ್ಟರು. ನಡುವೆ ಒಂದು ಸಲ ಅಡಿ ಹಾಕಿಸಲು 200 ಸೇರಿಸಿದರೂ, ಎರಡು ವರ್ಷ ಬಾಳಿದರೆ ವರ್ಷಕ್ಕೆ 800. ಉಳಿತಾಯ 1,695 ರೂಪಾಯಿ. ಬನ್ನನ್ನು ಬಿಟ್ಟು ಊಟ ಮಾಡಲು ರಾತ್ರಿಯೊಂದಕ್ಕೆ ಹೆಚ್ಚಾಗಿ ಬೇಕಾದ 35 ರೂಪಾಯಿಯಂತೆ ಇದು 48 ರಾತ್ರಿಗಳ ಊಟಕ್ಕೆ ಸಾಕು. ಪರಿಸರವನ್ನು ಕಾಯುವ ಕೊಳ್ಳುವಿಕೆಯು ಶ್ರೀಮಂತರ ವಿನೋದವೆಂದು ಹೇಳುವವರಿಗೆ ಈ ಲೆಕ್ಕವನ್ನು ತೋರಿಸಬಹುದು. ಒಮ್ಮೆಗೆ ಹೆಚ್ಚು ಹಣ ಕೈಯಲ್ಲಿಲ್ಲದ ಬಡವನು ಅಗ್ಗದ್ದನ್ನು ಮತ್ತೆ ಮತ್ತೆ ಕೊಂಡು ಇನ್ನೂ ಬಡವನಾಗುತ್ತಾನೆ. ಹುಡುಗನಿಗೆ ತಿಂಗಳ ಹಣವನ್ನು ಕಳುಹಿಸುವವರು, ವರ್ಷದ ಆರಂಭದಲ್ಲಿಯೇ ಬಾಳಿಕೆ ಬರುವ ನಾಲ್ಕು ವಸ್ತುಗಳನ್ನು ತಾವೇ ಕೊಡಿಸಿಬಿಟ್ಟರೆ ಈ ಸುಳಿಯಿಂದ ಅವನನ್ನು ಉಳಿಸಿದಂತಾಗುವುದು.

ಮೂರನೆಯದು ಓದು. ಆ ಸಂಜೆ ಅಜ್ಜಿಯವರು ಹುಡುಗನ ಪೆಟ್ಟಿಗೆಯನ್ನು ಬರಿದುಮಾಡಿದಾಗ ಅದರ ತಳದಲ್ಲಿ ಒಂದು ಹಳೆಯ ಪುಸ್ತಕವು ಸಿಕ್ಕಿತು. ಅವರೇ ಜೂನ್ ತಿಂಗಳಿನಲ್ಲಿ ಇಟ್ಟುಕಳುಹಿಸಿದ್ದುದು. ಗಳಗನಾಥರ ಒಂದು ಕಾದಂಬರಿ. ಮೊದಲ ಹಾಳೆಯಲ್ಲಿ ಮೂವರ ಹೆಸರುಗಳಿದ್ದುವು: ಅಜ್ಜಿಯವರ ತಂದೆಯದು, ಅಜ್ಜಿಯವರದು, ಹುಡುಗನ ತಂದೆಯದು. ನಾಲ್ಕನೆಯ ಹೆಸರಿಗೆ ಕೆಳಗೆ ಜಾಗವಿತ್ತು. ಪುಸ್ತಕವನ್ನು ಅವನು ತೆರೆದೇ ಇರಲಿಲ್ಲ. ರಾತ್ರಿಯ ಹೊತ್ತು ಹಸಿವನ್ನು ಮರೆಯಲು ಮೊಬೈಲನ್ನು ನೋಡುತ್ತ ನೋಡುತ್ತ ಒಂದು ಗಂಟೆಯಾಗುತ್ತಿತ್ತೆಂದು ಅವನೇ ಹೇಳಿದನು.

ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರಿಂದೂರಿಗೆ ತಿರುಗಿ ಮಾರಿದ ಸಂಗತಿಯು ನಮ್ಮ ನಾಡಿನಲ್ಲಿ ಮನೆಮಾತಾಗಿದೆ. ಅಂತಹವರು ಮನೆಯ ಬಾಗಿಲಿಗೆ ತಂದುಕೊಟ್ಟ ಓದನ್ನು ನಾವು ಮಕ್ಕಳ ಪೆಟ್ಟಿಗೆಯ ವರೆಗೆ ತಲಪಿಸಲಾರೆವೆ? ಪಾಠದ ಪುಸ್ತಕವು ಪರೀಕ್ಷೆಯ ವರೆಗಿನ ಜೊತೆಗಾರ. ಮೆಚ್ಚಿ ಓದಿದ ಪುಸ್ತಕವು ಮುಂದಿನ ದಾರಿಗೂ ಜೊತೆಯಾಗುವುದು. ಆರೋಗ್ಯದ ದೃಷ್ಟಿಯಿಂದಲೂ ಅದರಿಂದ ಪ್ರಯೋಜನವಿದೆ. ಮಲಗುವ ಮುನ್ನ ಮೊಬೈಲಿನ ಬೆಳಕೂ ಅದರ ಉದ್ರೇಕವೂ ನಿದ್ರೆಯನ್ನು ದೂರ ತಳ್ಳುತ್ತವೆ. ಅದನ್ನು ಕೊಠಡಿಯ ಇನ್ನೊಂದು ಮೂಲೆಯಲ್ಲಿಟ್ಟು, ಅಚ್ಚಾದ ಪುಸ್ತಕವನ್ನು ಅರ್ಧ ಗಂಟೆ ಓದುವವನಿಗೆ ನಿದ್ರೆಯು ತಾನಾಗಿ ಬರುವುದು.

ಪುಸ್ತಕಕ್ಕೆ ಹಣವೆಲ್ಲಿ ಎಂದು ಕೇಳುವವರುಂಟು. ನಾವು ಪುರಸಭೆಗೆ ಕಟ್ಟುವ ಆಸ್ತಿತೆರಿಗೆಯಲ್ಲಿ ಗ್ರಂಥಾಲಯದ ಕರವೂ ಸೇರಿರುತ್ತದೆಂಬುದು ಅನೇಕ ಗೃಹಸ್ಥರಿಗೆ ತಿಳಿಯದು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಈ ಏರ್ಪಾಡನ್ನು ಮಾಡಿತು. ಹಣವನ್ನು ಕೊಟ್ಟೂ ಅನ್ನವನ್ನು ಉಣ್ಣದವರಂತೆ ನಾವು ಗ್ರಂಥಾಲಯದ ಮುಂದೆ ಹಾದುಹೋಗುತ್ತೇವೆ. ಬೆಂಗಳೂರಿನಲ್ಲಿ ಓದುವ ಹುಡುಗರಿಗೆ ಕಬ್ಬನ್ ಉದ್ಯಾನದ ಮರಗಳ ನಡುವೆ, 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ರಾಜ್ಯದ ಕೇಂದ್ರ ಗ್ರಂಥಾಲಯವೇ ಇದೆ. ಅವೆನ್ಯೂ ರಸ್ತೆಯಲ್ಲಿ ಪಾಠದ ಪುಸ್ತಕಗಳೂ ಕತೆ ಕಾದಂಬರಿಗಳೂ ಎರಡನೆಯ ಕೈಯಲ್ಲಿ ಅಗ್ಗವಾಗಿ ಸಿಕ್ಕುತ್ತವೆ. ಹಳೆಯ ಪುಸ್ತಕವನ್ನು ಕೊಳ್ಳುವುದಕ್ಕಿಂತ ಪರಿಸರಕ್ಕೆ ಹಿತವಾದ ವ್ಯಾಪಾರವು ಯಾವುದಿದೆ? ಅದಕ್ಕಾಗಿ ಹೊಸ ಕಾಗದವೂ ಬೇಕಿಲ್ಲ, ಹೊಸ ಮಸಿಯೂ ಬೇಕಿಲ್ಲ.

ಏನನ್ನು ಓದಬೇಕೆಂದು ನಾವು ಕಟ್ಟಳೆ ಹಾಕುವುದಿಲ್ಲ. ಮೆಚ್ಚಿನ ಓದು ಕಟ್ಟಳೆಯಿಂದ ಬರುವುದಲ್ಲ. ಆದರೂ ಕೇಳುವವರಿಗಾಗಿ ಎರಡು ಮೂರು ಹೆಸರುಗಳನ್ನು ಹೇಳಬಹುದು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕಾಡುಗಳಲ್ಲಿ ಗಿಡಮರಗಳನ್ನು ಹುಡುಕುತ್ತ ಅಲೆದ ಉಪಾಧ್ಯಾಯರ ಪುಸ್ತಕ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಸಸ್ಯಶಾಸ್ತ್ರವನ್ನು ನಗುನಗುತ್ತ ಕಲಿಯಬಹುದೆಂದು ಅದನ್ನು ಓದಿದವರಿಗೇ ಗೊತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಹಿಡಿದ ಹುಡುಗರು ಮುಗಿಯುವ ವರೆಗೂ ಕೆಳಗಿಡುವುದಿಲ್ಲ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ಯು ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಒಬ್ಬ ಹುಡುಗನ ಬಾಳಿನ ಕಥೆ. ಮನೆಯನ್ನು ಬಿಟ್ಟು ಬಂದ ಯಾವ ವಿದ್ಯಾರ್ಥಿಗೂ ಅದರಲ್ಲಿ ತನ್ನ ನೆರಳು ಕಾಣುವುದು.

ಹಬ್ಬದ ರಜವು ಮುಗಿದು ಹುಡುಗನ ಪೆಟ್ಟಿಗೆಯು ಎರಡನೆಯ ಸಲ ಸಿದ್ಧವಾದಾಗ ನಾವು ಅಲ್ಲಿಯೇ ಇದ್ದೆವು. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗಳು, ಹುರಿಹಿಟ್ಟು, ಬೆಲ್ಲ, ಹುರಿದ ಕಡಲೆಕಾಯಿ, ಉಕ್ಕಿನ ನೀರಿನ ಸೀಸೆ, ಅಜ್ಜನ ಪಂಚೆಯಿಂದ ಹೊಲಿದ ಎರಡು ಚೀಲ, ಸೂಜಿದಾರದ ಡಬ್ಬಿ, ಎಲ್ಲಕ್ಕೂ ಮೇಲೆ, ಮುಚ್ಚಳವನ್ನು ತೆರೆದೊಡನೆ ಕೈಗೆ ಸಿಕ್ಕುವಂತೆ, ಆ ಹಳೆಯ ಪುಸ್ತಕ. ಹೊರಡುವ ಹಿಂದಿನ ರಾತ್ರಿ ತಂದೆಯವರು ತೋಟದ ಜಮಾಖರ್ಚಿನ ಪುಸ್ತಕವನ್ನು ತಂದು ಮಗನ ಮುಂದಿಟ್ಟರು. ಬೆಳೆ ಎಷ್ಟು ಹೋಯಿತು, ಸಾಲವೆಷ್ಟು, ಓದಿಗೆಂದು ತೆಗೆದಿಟ್ಟುದೆಷ್ಟು ಎಲ್ಲವನ್ನೂ ತೋರಿಸಿದರು. ಕೊನೆಗೆ, “ನಮ್ಮ ಕಷ್ಟ ನಿನಗೆ ಗೊತ್ತಿರಲಿ. ಆದರೆ ಅದು ನಿನ್ನ ಹೊಟ್ಟೆಗೆ ಬರಬಾರದು ಕಣೋ,” ಎಂದರು. ಮಕ್ಕಳಿಂದ ಮನೆಯ ಕಷ್ಟವನ್ನು ಮುಚ್ಚಿಡುವ ತಂದೆಯರುಂಟು; ಅದನ್ನೇ ದಿನವೂ ಆಡಿ ತೋರಿಸುವ ತಂದೆಯರೂ ಉಂಟು. ಲೆಕ್ಕವನ್ನು ತೆರೆದು ತೋರಿಸಿ, ನಿನ್ನ ಪಾಲು ಇಷ್ಟು, ಇದು ನಿನ್ನದೇ ಎಂದು ಹೇಳುವುದು ಈ ಎರಡಕ್ಕಿಂತಲೂ ಮೇಲಾದುದೆಂದು ಅಂದು ನಮಗೆ ತೋರಿತು.

ತಾಯಿಯವರು ತಮ್ಮ ಪ್ರಶ್ನೆಯನ್ನು ಬದಲಿಸಿಕೊಂಡರು. “ಊಟ ಆಯ್ತೇನೋ?” ಎಂಬುದಕ್ಕೆ “ಆಯ್ತು” ಎಂಬ ಒಂದು ಮಾತಿನಲ್ಲಿ ಉತ್ತರವು ಮುಗಿಯುತ್ತದೆ. ಈಗ ಅವರು, “ಇವತ್ತು ಏನು ಊಟ ಮಾಡಿದೆ? ಯಾರ ಜೊತೆ?” ಎಂದು ಕೇಳುತ್ತಾರೆ. ಇದಕ್ಕೆ ಸುಳ್ಳು ಹೇಳಬೇಕಾದರೆ ಸಾರು ಪಲ್ಯಗಳನ್ನೂ ಜೊತೆಗಾರರನ್ನೂ ಕಲ್ಪಿಸಬೇಕಾಗುತ್ತದೆ. ಸಾಧುವಾದ ಹುಡುಗನಿಗೆ ಅದು ಆಗುವ ಕೆಲಸವಲ್ಲ.

ಮಹಾಶಿವರಾತ್ರಿಯ ಹೊತ್ತಿಗೆ ಮತ್ತೆ ಪರೀಕ್ಷಿಸಿದಾಗ ರಕ್ತದ ಸಂಖ್ಯೆಯು 12.8ಕ್ಕೆ ಏರಿತ್ತು. ಇನ್ನೂ ಸ್ವಲ್ಪ ಕೊರತೆಯಿದೆ, ಗುಳಿಗೆಗಳು ನಡೆಯುತ್ತಿವೆ. ತೋಟದ ರೋಗವು ಪೂರ್ತಿ ಹೋಗಿಲ್ಲ. ಆದರೆ ಅಜ್ಜಿಯವರಿಗೆ ಅವನು ಬರೆದ ಕಾಗದವೊಂದನ್ನು ನಾವು ಓದಿದೆವು. ಕೊಠಡಿಯ ಮೂವರೂ ಈಗ ರಾತ್ರಿಯಲ್ಲಿ ಒಟ್ಟಿಗೆ ಮೆಸ್ಸಿಗೆ ಹೋಗುತ್ತಾರಂತೆ. ಗ್ರಂಥಾಲಯದಿಂದ ‘ಹಸುರು ಹೊನ್ನು’ ತಂದು ಒಬ್ಬನು ಗಟ್ಟಿಯಾಗಿ ಓದಿದರೆ ಉಳಿದಿಬ್ಬರು ಕೇಳುತ್ತಾರಂತೆ. ಅಜ್ಜಿಯವರ ಪುಸ್ತಕವನ್ನು ಅರ್ಧ ಓದಿದ್ದಾನೆ; ಪೂರ್ತಿ ಮುಗಿಸಿದ ಮೇಲೆಯೇ ನಾಲ್ಕನೆಯ ಹೆಸರನ್ನು ಬರೆಯುವನಂತೆ. ಕಾಗದದ ಕೊನೆಯಲ್ಲಿ ಆ ತಿಂಗಳ ಲೆಕ್ಕವಿತ್ತು. ಅಜ್ಜಿಯವರು ಬೆರಳಿನಿಂದ ಸವರಿ ನೋಡಿದರು. ಮೂವತ್ತೊಂದು ರಾತ್ರಿಗಳಿಗೂ ಊಟವಿತ್ತು.

ಈ ವರ್ಷ ಯಾರ ಮನೆಗಳಲ್ಲಿ ಪೆಟ್ಟಿಗೆಯು ಅಟ್ಟದಿಂದಿಳಿಯುವುದೋ ಆ ವಾಚಕರು, ಮುಚ್ಚಳವನ್ನು ಮುಚ್ಚುವ ಮುನ್ನ ಬಾಳಿಕೆಯ ಈ ಮಾತನ್ನು ಒಮ್ಮೆ ನೆನೆದುಕೊಳ್ಳಲೆಂದು ಬೇಡುತ್ತೇವೆ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಏನೇನನ್ನು ಇಟ್ಟು ಕಳುಹಿಸಿದರು, ಯಾವುದು ಬಾಳಿತು, ಯಾವುದು ಬಾಳಲಿಲ್ಲ ಎಂಬುದನ್ನು ನಮಗೆ ಬರೆದು ತಿಳಿಸಿದರೆ, ಇತರ ಮನೆಗಳಿಗೂ ಉಪಕಾರವಾಗುವಂತೆ ಮುಂದೆ ಈ ಪುಟದಲ್ಲಿ ಅದನ್ನು ಸಂತೋಷದಿಂದ ಪ್ರಸ್ತಾಪಿಸುವೆವು. ಪರಸ್ಥಳದಲ್ಲಿರುವ ನಮ್ಮೆಲ್ಲರ ಮಕ್ಕಳೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ರೆ ಮಾಡಿ, ಮನಸ್ಸು ತುಂಬ ಓದಿ ಬಾಳಲಿ.